ಗ್ರೇಪ್‌ಶಾಟ್ ಕೌಂಟರ್ ಮಾಡಿದ ಮೇಲೂ ಕಾಪಿಗಳು ಯಾಕೆ ಬಂದವು?

ಪ್ರಶ್ನೆ: ಅಣ್ಣಾ, ನಾವು ನಾಲ್ಕೈದು ಜನ ಗೆಳೆಯರು ಭಾನುವಾರ ದಾವಣಗೆರೆಯ ವಿದ್ಯಾನಗರದಲ್ಲಿ ಒಬ್ಬರ ಮನೆಯಲ್ಲಿ ಸೇರಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟ ಆಡ್ತೀವಿ. ಹೋದ ವಾರ ದೊಡ್ಡ ಜಗಳ ಆಯ್ತು. ಗೆಳೆಯನ ಹತ್ತಿರ ನಾಲ್ಕು ಲ್ಯಾಂಡ್ (ಬೇರೆ ಕಾರ್ಡ್ ಹಾಕಲು ಬೇಕಾದ ಮಾನಾ, ಅಂದರೆ ಶಕ್ತಿ, ಕೊಡುವ ಕಾರ್ಡ್) ಇತ್ತು. ಒಂದೇ ಟರ್ನ್‌ನಲ್ಲಿ ಪೈರೆಟಿಕ್ ರಿಚುಯಲ್, ಡೆಸ್ಪರೇಟ್ ರಿಚುಯಲ್, ಮ್ಯಾನಮಾರ್ಫೋಸ್, ಪಾಸ್ಟ್ ಇನ್ ಫ್ಲೇಮ್ಸ್ ಹಾಕಿದ. ಮೊದಲ ಮೂರನ್ನೂ ಗ್ರೇವ್‌ಯಾರ್ಡ್‌ನಿಂದ (ಬಳಸಿದ ಕಾರ್ಡ್‌ಗಳ ರಾಶಿ) ಮತ್ತೆ ಹಾಕಿದ. ಎಂಟನೆಯದಾಗಿ ಗ್ರೇಪ್‌ಶಾಟ್, ಒಂದು ಡ್ಯಾಮೇಜ್ ಕೊಟ್ಟು ತನ್ನದೇ ಕಾಪಿಗಳನ್ನೂ ಮಾಡುವ ಕಾರ್ಡ್. ನನ್ನ ಲೈಫ್ 7 ಇತ್ತು. ಎದುರಾಳಿ ಹಾಕಿದ ಕಾರ್ಡ್ (ಸ್ಪೆಲ್) ತಡೆಯುವ, ಅಂದರೆ ಕೌಂಟರ್ ಮಾಡುವ, ಕೌಂಟರ್‌ಸ್ಪೆಲ್ ಕೈಯಲ್ಲಿತ್ತು, ಅದನ್ನು ಗ್ರೇಪ್‌ಶಾಟ್ ಮೇಲೆ ಹಾಕಿದೆ. ‘ಒರಿಜಿನಲ್ ಹೋಯ್ತು, ಕಾಪಿಗಳು ಇವೆ, ನೀನು ಸತ್ತೆ’ ಅಂದ. ಬೇರನ್ನೇ ಕಿತ್ತ ಮೇಲೆ ಕೊಂಬೆ ಹೇಗೆ ಉಳಿಯುತ್ತೆ ಅಂತ ನನ್ನ ವಾದ. ಮುಂದಿನ ಆಟದಲ್ಲಿ ಅವನ ಕ್ಯಾಪ್‌ಸೈಜ್ ಕೌಂಟರ್ ಮಾಡಿದೆ. ‘ಬೈಬ್ಯಾಕ್‌ಗೆ ಮಾನಾ ಕೊಟ್ಟಾಗಿದೆ, ಕಾರ್ಡ್ ಕೈಗೇ ಬರುತ್ತೆ’ ಅಂತ ವಾಪಸ್ ತಗೊಂಡ. ಸ್ಟ್ಯಾಗರ್‌ಶಾಕ್ ವಿಷಯದಲ್ಲೂ ಹೀಗೇ ಗೊಂದಲ. ಯಾರು ಸರಿ?

ಉತ್ತರ: ಗ್ರೇಪ್‌ಶಾಟ್ ವಿಷಯದಲ್ಲಿ ನಿಮ್ಮ ಗೆಳೆಯ ಸರಿ. ಕ್ಯಾಪ್‌ಸೈಜ್ ವಿಷಯದಲ್ಲಿ ನೀವು ಸರಿ, ಆ ಕಾರ್ಡ್ ಗ್ರೇವ್‌ಯಾರ್ಡ್‌ಗೆ ಹೋಗಬೇಕಿತ್ತು. ಒಂದು ಕಡೆ ಹೌದು, ಇನ್ನೊಂದು ಕಡೆ ಅಲ್ಲ ಅಂದರೆ ನಿಯಮ ಎಡವಟ್ಟಾಗಿದೆ ಅನಿಸಬಹುದು. ಆದರೆ ಎರಡೂ ಉತ್ತರ ಬರುವುದು ಒಂದೇ ಮಾತಿನಿಂದ: ಕೌಂಟರ್ ತಡೆಯುವುದು ಸ್ಪೆಲ್ ರಿಸಾಲ್ವ್ ಆಗುವುದನ್ನು. ಕಾಸ್ಟ್ ಆಗಿದ್ದನ್ನು ಅದು ಅಳಿಸುವುದಿಲ್ಲ.

ಒಂದು ಸ್ಪೆಲ್‌ಗೆ ಎರಡು ಘಟ್ಟ ಇವೆ. ಮಾನಾ ಕೊಟ್ಟು, ಟಾರ್ಗೆಟ್ (ಯಾರ ಅಥವಾ ಯಾವುದರ ಮೇಲೆ ಅಂತ) ಹೇಳಿ ಸ್ಟ್ಯಾಕ್ ಮೇಲೆ, ಅಂದರೆ ಇನ್ನೂ ಕೆಲಸ ನಡೆಯಬೇಕಿರುವ ಸ್ಪೆಲ್‌ಗಳ ಸಾಲಿನಲ್ಲಿ, ಇಡುವುದು ಕಾಸ್ಟ್. ಆಮೇಲೆ ಯಾರೂ ಏನೂ ಮಾಡದಿದ್ದರೆ ಅದರ ಕೆಲಸ ನಡೆಯುವುದು ರಿಸಾಲ್ವ್. ನಿಮ್ಮ ಕೌಂಟರ್‌ಸ್ಪೆಲ್ ಬರುವ ಹೊತ್ತಿಗೆ ಮೊದಲ ಘಟ್ಟ ಮುಗಿದೇ ಹೋಗಿರುತ್ತದೆ. ಹಾಗಾಗಿ ಪದೇ ಪದೇ ಬರುವ ಯಾವ ಸ್ಪೆಲ್ ಎದುರಿಗೆ ಬಂದರೂ ಅದರ ‘ಪದೇ ಪದೇ’ ಅನ್ನೋದು ಯಾವ ಘಟ್ಟಕ್ಕೆ ಅಂಟಿಕೊಂಡಿದೆ ಅಂತ ಮೊದಲು ನೋಡಿ. ಕಾಸ್ಟ್‌ಗೆ ಅಂಟಿಕೊಂಡಿದ್ದರೆ ಕೌಂಟರ್‌ಗೆ ಸಿಗುವುದಿಲ್ಲ. ರಿಸಾಲ್ವ್‌ಗೆ ಅಂಟಿಕೊಂಡಿದ್ದರೆ ಸಿಗುತ್ತದೆ. ಕಾರ್ಡ್ ಮೇಲೆ ‘ಕಾಸ್ಟ್ ಮಾಡಿದಾಗ’ ಅಂತ ಇದೆಯೋ ‘ರಿಸಾಲ್ವ್ ಆಗುವಾಗ’ ಅಂತ ಇದೆಯೋ, ಅಷ್ಟು ಓದಿದರೆ ನಿಮ್ಮ ಭಾನುವಾರದ ಅರ್ಧ ಜಗಳ ತೀರುತ್ತದೆ.

ಈಗ ಗ್ರೇಪ್‌ಶಾಟ್. ಅದರಲ್ಲಿರುವುದು ಸ್ಟಾರ್ಮ್. 2003ರ ಸ್ಕರ್ಜ್ ಸೆಟ್‌ನಲ್ಲಿ (ಹೊಸ ಕಾರ್ಡ್‌ಗಳ ಕಂತು) ಬಂದ ಗುಣ ಇದು. ಗ್ರೇಪ್‌ಶಾಟ್ ಬಂದದ್ದು 2006ರ ಟೈಮ್ ಸ್ಪೈರಲ್‌ನಲ್ಲಿ. ಸ್ಟಾರ್ಮ್ ಎಷ್ಟು ತಲೆನೋವು ಅಂದರೆ, ಒಂದು ಗುಣ ಹೊಸ ಸೆಟ್‌ಗೆ ಮತ್ತೆ ಬರುವ ಸಾಧ್ಯತೆ ಎಷ್ಟು ಅಂತ ಹೇಳಲು ಈ ಆಟದ ಮುಖ್ಯ ವಿನ್ಯಾಸಕಾರ ಮಾರ್ಕ್ ರೋಸ್‌ವಾಟರ್ ಬಳಸುವ ಅಳತೆಗೆ ಸ್ಟಾರ್ಮ್ ಸ್ಕೇಲ್ ಅಂತಲೇ ಹೆಸರು.

ಸ್ಟಾರ್ಮ್ ಹೇಳುವುದು ಇಷ್ಟು: ಈ ಸ್ಪೆಲ್ ಕಾಸ್ಟ್ ಮಾಡಿದಾಗ, ಈ ಟರ್ನ್‌ನಲ್ಲಿ ಇದಕ್ಕಿಂತ ಮೊದಲು ಎಷ್ಟು ಸ್ಪೆಲ್ ಕಾಸ್ಟ್ ಆಗಿವೆಯೋ ಅಷ್ಟು ಕಾಪಿ ಮಾಡು. ಅಂದರೆ ಗ್ರೇಪ್‌ಶಾಟ್ ಸ್ಟ್ಯಾಕ್‌ಗೆ ಬಂದ ಕೂಡಲೇ ಅದರ ಮೇಲೆ ಸ್ಟಾರ್ಮ್ ಟ್ರಿಗರ್ (ತಾನಾಗೇ ಶುರುವಾಗುವ ಕೆಲಸ) ಬಂದು ಕೂರುತ್ತದೆ. ಈ ಟ್ರಿಗರ್ ಬೇರೆ, ಗ್ರೇಪ್‌ಶಾಟ್ ಬೇರೆ. ಹುಟ್ಟಿದ ಮೇಲೆ ಟ್ರಿಗರ್‌ಗೆ ತನ್ನ ಮೂಲ ಕಾರ್ಡ್‌ನ ಹಂಗಿಲ್ಲ. ನೀವು ಗ್ರೇಪ್‌ಶಾಟ್‌ನ ಕೌಂಟರ್ ಮಾಡಿ ಗ್ರೇವ್‌ಯಾರ್ಡ್‌ಗೆ ಕಳಿಸಿದರೂ ಟ್ರಿಗರ್ ಸ್ಟ್ಯಾಕ್ ಮೇಲೆ ಹಾಗೇ ಕೂತಿರುತ್ತದೆ. ಅದು ರಿಸಾಲ್ವ್ ಆಗುವಾಗ, ಗ್ರೇಪ್‌ಶಾಟ್ ಸ್ಟ್ಯಾಕ್ ಮೇಲೆ ಕೊನೆಯದಾಗಿ ಹೇಗಿತ್ತೋ ಅದನ್ನೇ ನೋಡಿಕೊಂಡು ಏಳು ಕಾಪಿ ಮಾಡಿಬಿಡುತ್ತದೆ. ಬೇರು ಕೊಂಬೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ನಿಮ್ಮ ಕೌಂಟರ್‌ಸ್ಪೆಲ್ ಏನು ಮಾಡಿತು? ಸರಿಯಾಗಿ ಒಂದು ಡ್ಯಾಮೇಜ್ ತಡೆಯಿತು. ಬರಬೇಕಿದ್ದದ್ದು ಒರಿಜಿನಲ್ 1, ಕಾಪಿ 7, ಒಟ್ಟು 8. ಬಂದದ್ದು 7. ನಿಮ್ಮ ಲೈಫ್ 8 ಇದ್ದಿದ್ದರೆ ಅದೇ ಕೌಂಟರ್ ನಿಮ್ಮನ್ನು ಉಳಿಸುತ್ತಿತ್ತು. ಕಾಪಿಗಳೂ ಸ್ಪೆಲ್‌ಗಳೇ, ಅವುಗಳಲ್ಲಿ ಯಾವುದನ್ನು ಬೇಕಾದರೂ ಕೌಂಟರ್ ಮಾಡಬಹುದು. ಆದರೆ ಒಂದು ಕೌಂಟರ್‌ಸ್ಪೆಲ್‌ಗೆ ಒಂದೇ ಟಾರ್ಗೆಟ್.

ನಿಮ್ಮ ಕೌಂಟರ್‌ಸ್ಪೆಲ್ ಸ್ಟಾರ್ಮ್ ಲೆಕ್ಕಕ್ಕೆ ಸೇರುತ್ತಾ ಅಂತ ಇಲ್ಲಿ ಬಹಳ ಜನ ಕೇಳುತ್ತಾರೆ. ಗ್ರೇಪ್‌ಶಾಟ್ ಬಂದ ಮೇಲೆ ಹಾಕಿದ್ದರೆ ಸೇರುವುದಿಲ್ಲ, ಯಾಕಂದರೆ ಲೆಕ್ಕ ಅದಕ್ಕಿಂತ ಮೊದಲಿನದು ಮಾತ್ರ. ಮೊದಲೇ ಬೇರೆ ಸ್ಪೆಲ್ ಮೇಲೆ ಹಾಕಿದ್ದರೆ ಖಂಡಿತ ಸೇರುತ್ತದೆ. ಯಾರು ಹಾಕಿದರು ಅಂತ ಸ್ಟಾರ್ಮ್ ಕೇಳುವುದಿಲ್ಲ. ಕೌಂಟರ್ ಆಗಿಹೋದ ಸ್ಪೆಲ್ ಕೂಡ ಲೆಕ್ಕಕ್ಕೆ ಇದೆ, ಕಾಸ್ಟ್ ಅಂತೂ ಆಗಿದೆ ಅಲ್ವಾ?

ಇದನ್ನು ಇಟ್ಟುಕೊಂಡು ನಿಮ್ಮ ಆಟವನ್ನು ಮತ್ತೆ ಆಡಿ ನೋಡೋಣ. ಯಾವಾಗ ಕೌಂಟರ್ ಮಾಡಬೇಕಿತ್ತು ಅನ್ನುವುದೇ ನಿಜವಾದ ಪ್ರಶ್ನೆ ಅಂತ ನನಗೆ ಅನಿಸುತ್ತದೆ.

ಗೆಳೆಯನ ಮಾನಾ ಎಣಿಸಿ. ಲ್ಯಾಂಡ್ 4. ಪೈರೆಟಿಕ್ ರಿಚುಯಲ್‌ಗೆ 2 ಕೊಟ್ಟು 3 ಪಡೆದ, ಈಗ 5. ಡೆಸ್ಪರೇಟ್ ರಿಚುಯಲ್ ಕೂಡ ಹಾಗೇ, 6. ಮ್ಯಾನಮಾರ್ಫೋಸ್ 2 ತಗೊಂಡು 2 ಕೊಡುತ್ತದೆ, ಜೊತೆಗೆ ಒಂದು ಕಾರ್ಡ್. ಇನ್ನೂ 6. ಪಾಸ್ಟ್ ಇನ್ ಫ್ಲೇಮ್ಸ್‌ಗೆ 4 ಹೋಯಿತು, ಉಳಿದದ್ದು 2. ಇಡೀ ಟರ್ನ್‌ನಲ್ಲಿ ಅವನ ಜೇಬು ಖಾಲಿಯಾದ ಜಾಗ ಇದೇ. ಇಲ್ಲಿ ನೀವು ಕೌಂಟರ್‌ಸ್ಪೆಲ್ ಹಾಕಿದಿರಿ ಅಂದುಕೊಳ್ಳಿ. ಗ್ರೇವ್‌ಯಾರ್ಡ್‌ನಲ್ಲಿರುವ ರಿಚುಯಲ್‌ಗಳಿಗೆ ಫ್ಲ್ಯಾಶ್‌ಬ್ಯಾಕ್ (ಗ್ರೇವ್‌ಯಾರ್ಡ್‌ನಿಂದ ಮತ್ತೆ ಹಾಕಬಹುದಾದ ಗುಣ) ಬರುವುದಿಲ್ಲ. ಪಾಸ್ಟ್ ಇನ್ ಫ್ಲೇಮ್ಸ್‌ಗೆ ತನ್ನದೇ ಫ್ಲ್ಯಾಶ್‌ಬ್ಯಾಕ್ ಇದೆ ನಿಜ, ಆದರೆ ಅದಕ್ಕೆ 5 ಮಾನಾ ಬೇಕು, ಅವನ ಹತ್ತಿರ 2 ಇದೆ. ಉಳಿದ 2ರಲ್ಲಿ ಸಿಟ್ಟಿಗೆ ಗ್ರೇಪ್‌ಶಾಟ್ ಹಾಕಿದ ಅಂತಲೇ ಇಟ್ಟುಕೊಳ್ಳಿ. ಮೊದಲು ಆದ ಸ್ಪೆಲ್‌ಗಳು ಅವನ ನಾಲ್ಕು, ನಿಮ್ಮದು ಒಂದು, ಒಟ್ಟು ಐದು. ಐದು ಕಾಪಿ, ಒಂದು ಒರಿಜಿನಲ್, ಆರು ಡ್ಯಾಮೇಜ್. ನಿಮ್ಮ ಲೈಫ್ 1ಕ್ಕೆ ಇಳಿಯುತ್ತದೆ, ಆದರೆ ನೀವು ಇರುತ್ತೀರಿ. ಮ್ಯಾನಮಾರ್ಫೋಸ್‌ನಲ್ಲಿ ಸಿಕ್ಕ ಕಾರ್ಡ್ ಅವನಿಗೆ ಏನೂ ಕೆಲಸಕ್ಕೆ ಬರಲಿಲ್ಲ ಅನ್ನುವ ಲೆಕ್ಕದಲ್ಲಿ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು, ಪೈರೆಟಿಕ್ ರಿಚುಯಲ್‌ನಲ್ಲೇ ತಡೆದಿದ್ದರೆ? ಎರಡು ಮಾನಾ ಕೊಟ್ಟು ಏನೂ ಸಿಗಲಿಲ್ಲ, ಉಳಿದದ್ದು 2. ಡೆಸ್ಪರೇಟ್ ರಿಚುಯಲ್‌ನಿಂದ 3 ಆಗುತ್ತದೆ, ಪಾಸ್ಟ್ ಇನ್ ಫ್ಲೇಮ್ಸ್‌ಗೆ ಬೇಕಾದ 4 ಮುಟ್ಟುವುದಿಲ್ಲ. ಕಾಗದದ ಮೇಲೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೆ ನನಗೆ ಇದು ಇಷ್ಟವಿಲ್ಲ. ಬುದ್ಧಿವಂತ ಎದುರಾಳಿ ಅಲ್ಲೇ ನಿಲ್ಲಿಸಿ ಟರ್ನ್ ಬಿಟ್ಟುಕೊಡುತ್ತಾನೆ. ಅವನ ಕೈಯಲ್ಲಿ ಉಳಿದ ಎಲ್ಲಾ ಕಾರ್ಡ್ ಇರುತ್ತದೆ, ನಿಮ್ಮ ಕೌಂಟರ್‌ಸ್ಪೆಲ್ ಮಾತ್ರ ಹೋಗಿರುತ್ತದೆ. ಅವನು ಇದ್ದದ್ದೆಲ್ಲಾ ಖರ್ಚು ಮಾಡಿ, ಹಿಂದೆ ಸರಿಯಲಾಗದ ಜಾಗಕ್ಕೆ ಬರುವ ತನಕ ಕಾಯಿರಿ. ಸ್ಟಾರ್ಮ್ ಡೆಕ್ ಎದುರು ಒಂದೇ ಕೌಂಟರ್ ಇದ್ದಾಗ ಕಾಯುವುದೇ ಅರ್ಧ ಆಟ.

ಮುಂದಿನ ಟರ್ನ್‌ನಲ್ಲಿ ಅವನು ಗ್ರೇವ್‌ಯಾರ್ಡ್‌ನಿಂದ ಪಾಸ್ಟ್ ಇನ್ ಫ್ಲೇಮ್ಸ್ ಹಾಕಬಹುದು ಅಂತ ಭಯ ಇದ್ದರೆ, ಡೆಕ್‌ನಲ್ಲಿ ಒಂದೆರಡು ಡಿಸಿಪೇಟ್ ಇಟ್ಟುಕೊಳ್ಳಿ. ಒಂದು ಮಾನಾ ಜಾಸ್ತಿ, ಆದರೆ ಕೌಂಟರ್ ಆದ ಕಾರ್ಡ್ ನೇರ ಎಕ್ಸೈಲ್‌ಗೆ (ಆಟದಿಂದ ಹೊರಗೆ) ಹೋಗುತ್ತದೆ.

ಗ್ರೇಪ್‌ಶಾಟ್ ಬಂದೇಬಿಟ್ಟ ಮೇಲೂ ಕೆಲಸಕ್ಕೆ ಬರುವ ಕಾರ್ಡ್‌ಗಳು ಇವೆ. ಆದರೆ ಒಂದೊಂದಕ್ಕೂ ಅದರದೇ ಹೊತ್ತು ಇದೆ, ಜನ ತಪ್ಪುವುದು ಇಲ್ಲೇ.

ಸ್ಟೈಫಲ್ ಒಂದು ನೀಲಿ ಮಾನಾದ ಕಾರ್ಡ್. ಅದು ಸ್ಪೆಲ್ ಮುಟ್ಟುವುದಿಲ್ಲ, ಟ್ರಿಗರ್‌ನ ಕೌಂಟರ್ ಮಾಡುತ್ತದೆ. ಸ್ಟಾರ್ಮ್ ಟ್ರಿಗರ್ ಸ್ಟ್ಯಾಕ್ ಮೇಲೆ ಇರುವಾಗಲೇ ಹಾಕಬೇಕು. ಹಾಕಿದರೆ ಒಂದೂ ಕಾಪಿ ಬರುವುದಿಲ್ಲ, ಒರಿಜಿನಲ್‌ನ ಒಂದು ಡ್ಯಾಮೇಜ್ ಮಾತ್ರ. ಇದೂ ಸ್ಟಾರ್ಮ್ ಬಂದ ಅದೇ ಸ್ಕರ್ಜ್ ಸೆಟ್‌ನದು.

ಫ್ಲಸ್ಟರ್‌ಸ್ಟಾರ್ಮ್ ಇದಕ್ಕೆ ತಿರುವುಮುರುವು. ಅದಕ್ಕೂ ಒಂದೇ ಮಾನಾ. ಇನ್‌ಸ್ಟಂಟ್ ಅಥವಾ ಸಾರ್ಸರಿಯ (ಒಂದು ಸಲ ಕೆಲಸ ಮಾಡಿ ಮುಗಿಯುವ ಎರಡು ಬಗೆಯ ಸ್ಪೆಲ್) ಒಡೆಯ 1 ಮಾನಾ ಕೊಡದಿದ್ದರೆ ಆ ಸ್ಪೆಲ್ ಕೌಂಟರ್. ಅದಕ್ಕೂ ಸ್ಟಾರ್ಮ್ ಇದೆ. ಟ್ರಿಗರ್‌ಗೆ ರೆಸ್ಪಾನ್ಸ್ ಆಗಿ (ಅದು ರಿಸಾಲ್ವ್ ಆಗುವ ಮೊದಲೇ) ಆತುರಪಟ್ಟು ಹಾಕಿದರೆ ಕಾಪಿಗಳು ಇನ್ನೂ ಹುಟ್ಟಿಯೇ ಇರುವುದಿಲ್ಲ, ಎಲ್ಲವೂ ಒರಿಜಿನಲ್ ಒಂದರ ಮೇಲೇ ಬೀಳುತ್ತವೆ. ಟ್ರಿಗರ್ ರಿಸಾಲ್ವ್ ಆಗಲಿ ಬಿಡಿ. ಏಳು ಕಾಪಿ, ಒಂದು ಒರಿಜಿನಲ್ ಸ್ಟ್ಯಾಕ್ ಮೇಲೆ ಸಾಲಾಗಿ ಬರಲಿ. ಆಗ ಹಾಕಿ. ಗ್ರೇಪ್‌ಶಾಟ್ ಸೇರಿ ಮೊದಲು ಎಂಟು ಸ್ಪೆಲ್ ಕಾಸ್ಟ್ ಆಗಿವೆ, ಹಾಗಾಗಿ ನಿಮಗೆ ಎಂಟು ಕಾಪಿ, ಒರಿಜಿನಲ್ ಸೇರಿ ಒಂಬತ್ತು ಫ್ಲಸ್ಟರ್‌ಸ್ಟಾರ್ಮ್. ಎದುರಿಗೆ ಎಂಟು ಗ್ರೇಪ್‌ಶಾಟ್. ಒಂದೊಂದಕ್ಕೆ ಒಂದೊಂದು ಟಾರ್ಗೆಟ್ ಮಾಡಿ, ಇನ್ನೂ ಒಂದು ಉಳಿಯುತ್ತದೆ. ಗೆಳೆಯನ ಹತ್ತಿರ ಗ್ರೇಪ್‌ಶಾಟ್ ಹಾಕಿದ ಮೇಲೆ ಉಳಿದದ್ದು 2 ಮಾನಾ. ಎರಡನ್ನು ಉಳಿಸಿಕೊಳ್ಳಬಹುದು, ಅಷ್ಟೇ. ನೀವು 7ರಿಂದ 5ಕ್ಕೆ ಇಳಿಯುತ್ತೀರಿ. ಗ್ರೇಪ್‌ಶಾಟ್‌ನ ಕಾಪಿಗಳು ಫ್ಲಸ್ಟರ್‌ಸ್ಟಾರ್ಮ್‌ನ ಲೆಕ್ಕಕ್ಕೆ ಸೇರಲಿಲ್ಲ ಅನ್ನುವುದನ್ನು ಗಮನಿಸಿ. ಸ್ಟಾರ್ಮ್ ಕಾಪಿ ಕಾಸ್ಟ್ ಆಗಿದ್ದಲ್ಲ, ಸ್ಟ್ಯಾಕ್ ಮೇಲೆ ಇಟ್ಟಿದ್ದು.

ಮೈಂಡ್‌ಬ್ರೇಕ್ ಟ್ರ್ಯಾಪ್‌ಗೂ ಇದೇ ಹೊತ್ತು. ಎದುರಾಳಿ ಆ ಟರ್ನ್‌ನಲ್ಲಿ ಮೂರು ಅಥವಾ ಹೆಚ್ಚು ಸ್ಪೆಲ್ ಕಾಸ್ಟ್ ಮಾಡಿದ್ದರೆ ಮಾನಾನೇ ಬೇಡ, ಎಷ್ಟು ಸ್ಪೆಲ್ ಬೇಕಾದರೂ ಟಾರ್ಗೆಟ್ ಮಾಡಿ ಎಕ್ಸೈಲ್ ಮಾಡುತ್ತದೆ. ಅದು ಮಾಡುವುದು ಕೌಂಟರ್ ಅಲ್ಲ, ಎಕ್ಸೈಲ್. ಹಾಗಾಗಿ ‘ಇದನ್ನು ಕೌಂಟರ್ ಮಾಡುವಂತಿಲ್ಲ’ ಅಂತ ಬರೆದಿರುವ ಸ್ಪೆಲ್ ಕೂಡ ಉಳಿಯುವುದಿಲ್ಲ.

ಚಾಲಿಸ್ ಆಫ್ ದ ವಾಯ್ಡ್ ಇಟ್ಟುಕೊಂಡರೆ ಆಗುತ್ತಾ ಅಂತ ನಿಮ್ಮ ಗುಂಪಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಅದರ ಮೇಲೆ ಎರಡು ಗುರುತಿನ ಬಿಲ್ಲೆ ಇದ್ದರೆ (ಇವಕ್ಕೂ ಕೌಂಟರ್ ಅಂತಲೇ ಹೆಸರು), ಮಾನಾ ವ್ಯಾಲ್ಯೂ (ಕಾರ್ಡ್ ಮೇಲೆ ಬರೆದಿರುವ ಮಾನಾ ಲೆಕ್ಕ) 2 ಇರುವ ಸ್ಪೆಲ್ ಕಾಸ್ಟ್ ಆದಾಗಲೆಲ್ಲ ಅದು ಕೌಂಟರ್ ಮಾಡುತ್ತದೆ. ಗ್ರೇಪ್‌ಶಾಟ್‌ನ ಕಾಪಿಗಳು ಕಾಸ್ಟ್ ಆಗಿಲ್ಲದ ಕಾರಣ ಚಾಲಿಸ್ ಅವನ್ನು ಮುಟ್ಟುವುದಿಲ್ಲ. ಆದರೆ ಎರಡೂ ರಿಚುಯಲ್, ಮ್ಯಾನಮಾರ್ಫೋಸ್, ಎಲ್ಲದಕ್ಕೂ ಮಾನಾ ವ್ಯಾಲ್ಯೂ 2. ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹಾಕಿದರೂ ಅದು ಬದಲಾಗುವುದಿಲ್ಲ. ಆ ಡೆಕ್‌ಗೆ ಅಲ್ಲಿಗೆ ಉಸಿರೇ ಕಟ್ಟುತ್ತದೆ.

ಇನ್ನು ಕ್ಯಾಪ್‌ಸೈಜ್. ಬೈಬ್ಯಾಕ್ ಬಂದದ್ದು 1997ರ ಟೆಂಪೆಸ್ಟ್‌ನಲ್ಲಿ. ಕ್ಯಾಪ್‌ಸೈಜ್‌ಗೆ 3 ಮಾನಾ, ಬೈಬ್ಯಾಕ್‌ಗೆ ಇನ್ನೂ 3. ಕೊಟ್ಟರೆ ಟೇಬಲ್ ಮೇಲಿನ ಒಂದು ಪರ್ಮನೆಂಟ್ (ಲ್ಯಾಂಡ್, ಕ್ರೀಚರ್ ಥರ ಟೇಬಲ್ ಮೇಲೆ ಉಳಿಯುವ ಕಾರ್ಡ್) ಅದರ ಒಡೆಯನ ಕೈಗೆ ವಾಪಸ್, ಜೊತೆಗೆ ಕ್ಯಾಪ್‌ಸೈಜ್ ಕೂಡ ಹಾಕಿದವನ ಕೈಗೆ ವಾಪಸ್. ಪ್ರತಿ ಟರ್ನ್ ನಿಮ್ಮ ಒಂದು ಲ್ಯಾಂಡ್ ಎತ್ತುತ್ತಾ ಹೋದರೆ ಆಟ ಅಲ್ಲಿಗೆ ಮುಗಿದಂತೆ. ಆದರೆ ಬೈಬ್ಯಾಕ್‌ನ ಮಾತು ಹೀಗಿದೆ: ರಿಸಾಲ್ವ್ ಆಗುವಾಗ ಕೈಗೆ ಬರುತ್ತದೆ. ಕೌಂಟರ್ ಆದ ಸ್ಪೆಲ್ ರಿಸಾಲ್ವ್ ಆಗಿಲ್ಲ. ಹಾಗಾಗಿ ಗ್ರೇವ್‌ಯಾರ್ಡ್. ಕೊಟ್ಟ ಆರು ಮಾನಾವೂ ಹೋಯಿತು. ಮಾನಾ ಕೊಟ್ಟಾಗಿದೆ ಅನ್ನುವುದು ವಾದವೇ ಅಲ್ಲ, ಕೌಂಟರ್ ಆದ ಯಾವ ಸ್ಪೆಲ್‌ನ ಮಾನಾವೂ ವಾಪಸ್ ಬರುವುದಿಲ್ಲ.

ಕೈಯಲ್ಲಿ ಕೌಂಟರ್ ಇಲ್ಲದಿದ್ದರೂ ಕ್ಯಾಪ್‌ಸೈಜ್‌ಗೆ ಮದ್ದಿದೆ. ಅದಕ್ಕೆ ಒಂದೇ ಟಾರ್ಗೆಟ್. ನಿಮ್ಮ ಕ್ರೀಚರ್ ಮೇಲೆ ಅವನು ಹಾಕಿದಾಗ, ರೆಸ್ಪಾನ್ಸ್ ಆಗಿ ಆ ಕ್ರೀಚರನ್ನೇ ಯಾವುದಾದರೂ ದಾರಿಯಲ್ಲಿ ಸ್ಯಾಕ್ರಿಫೈಸ್ ಮಾಡಿಬಿಡಿ. ಟಾರ್ಗೆಟ್ ಇಲ್ಲ ಅಂದರೆ ರಿಸಾಲ್ವ್ ಇಲ್ಲ, ರಿಸಾಲ್ವ್ ಇಲ್ಲ ಅಂದರೆ ಬೈಬ್ಯಾಕ್ ಇಲ್ಲ. ಹೇಗೂ ಕೈಬಿಡಲಿದ್ದ ಒಂದು ಸಣ್ಣ ಕ್ರೀಚರ್ ಕೊಟ್ಟು ಇಡೀ ಆಟ ತಿನ್ನುವ ಕಾರ್ಡ್ ಒಂದನ್ನು ಗ್ರೇವ್‌ಯಾರ್ಡ್‌ಗೆ ಕಳಿಸುವುದು ಒಳ್ಳೆ ವ್ಯಾಪಾರ.

ಸ್ಟ್ಯಾಗರ್‌ಶಾಕ್‌ನ ರೀಬೌಂಡ್ ಕೂಡ ರಿಸಾಲ್ವ್ ಕಡೆಯದೇ. 2010ರ ರೈಸ್ ಆಫ್ ದಿ ಎಲ್ಡ್ರಾಜಿಯಲ್ಲಿ ಬಂತು. ಕೈಯಿಂದ ಕಾಸ್ಟ್ ಮಾಡಿದ್ದರೆ ರಿಸಾಲ್ವ್ ಆಗುವಾಗ ಎಕ್ಸೈಲ್‌ಗೆ ಹೋಗುತ್ತದೆ, ಹಾಕಿದವನು ತನ್ನ ಮುಂದಿನ ಅಪ್‌ಕೀಪ್‌ನಲ್ಲಿ (ಟರ್ನ್‌ನ ಶುರುವಿನಲ್ಲಿ) ಬಿಟ್ಟಿ ಕಾಸ್ಟ್ ಮಾಡಬಹುದು. ಮೊದಲ ಸಲವೇ ಕೌಂಟರ್ ಮಾಡಿದರೆ ಎರಡನೆಯದು ಇಲ್ಲವೇ ಇಲ್ಲ. ಒಂದು ಕಾರ್ಡ್‌ನಲ್ಲಿ ಎರಡು ಸಲದ ಕೆಲಸ ತಡೆದ ಹಾಗೆ. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಕಾಯ್ದರೆ ಎರಡು ಡ್ಯಾಮೇಜ್ ತಿಂದಿರುತ್ತೀರಿ, ಉಳಿದ ಎರಡಕ್ಕೆ ಒಂದು ಕಾರ್ಡ್ ಖರ್ಚು. ಎರಡನೆಯ ಸಲವೂ ಅದು ಕಾಸ್ಟ್ ಆಗುತ್ತದೆ, ಕೌಂಟರ್ ಮಾಡಲು ಅಡ್ಡಿಯೇನಿಲ್ಲ. ಆದರೆ ರಿಮ್ಯಾಂಡ್ ಮಾತ್ರ ಬೇಡ. ರಿಮ್ಯಾಂಡ್ ಕೌಂಟರ್ ಮಾಡಿದ ಸ್ಪೆಲ್‌ನ ಒಡೆಯನ ಕೈಗೆ ಕೊಡುತ್ತದೆ. ಅವನು ಸ್ಟ್ಯಾಗರ್‌ಶಾಕ್‌ನ ಮತ್ತೆ ಕೈಯಿಂದ ಹಾಕುತ್ತಾನೆ, ರೀಬೌಂಡ್ ಮೊದಲಿಂದ ಶುರು.

ಫ್ಲ್ಯಾಶ್‌ಬ್ಯಾಕ್ ಸ್ಪೆಲ್ ಮೇಲೆ ಅದೇ ರಿಮ್ಯಾಂಡ್ ಬಂಗಾರ. ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹಾಕಿದ ಕಾರ್ಡ್ ಸ್ಟ್ಯಾಕ್ ಬಿಟ್ಟು ಎಲ್ಲಿಗೆ ಹೊರಟರೂ ಎಕ್ಸೈಲ್‌ಗೇ ಹೋಗಬೇಕು. ಕೈಗೆ ಬರಬೇಕಿದ್ದದ್ದೂ ಎಕ್ಸೈಲ್ ಆಗುತ್ತದೆ, ನಿಮಗೆ ಒಂದು ಕಾರ್ಡ್ ಬೇರೆ ಸಿಗುತ್ತದೆ. ರೀಟ್ರೇಸ್ ಮಾತ್ರ ಹಾಗಲ್ಲ. ರೇವನ್ಸ್ ಕ್ರೈಮ್ ಥರದ ಕಾರ್ಡ್ ಕೌಂಟರ್ ಮಾಡಿದರೆ ಗ್ರೇವ್‌ಯಾರ್ಡ್‌ಗೇ ವಾಪಸ್, ಕೈಯಲ್ಲಿ ಒಂದು ಲ್ಯಾಂಡ್ ಕಾರ್ಡ್ ಇದ್ದರೆ ಅದನ್ನು ಬಿಸಾಡಿ ಮತ್ತೆ ಹಾಕುತ್ತಾರೆ. ಅಲ್ಲಿ ಡಿಸಿಪೇಟ್ ಬೇಕು.

ಐಸೊಕ್ರಾನ್ ಸೆಪ್ಟರ್ ಬೇರೆ ಜಾತಿ. ಅದರೊಳಗೆ ಒಂದು ಇನ್‌ಸ್ಟಂಟ್ ಕೂತಿರುತ್ತದೆ, ಪ್ರತಿ ಟರ್ನ್ ಅದರ ಕಾಪಿ ಮಾಡಿ ಆ ಕಾಪಿಯನ್ನು ಕಾಸ್ಟ್ ಮಾಡುತ್ತಾರೆ. ಈ ಕಾಪಿ ನಿಜಕ್ಕೂ ಕಾಸ್ಟ್ ಆಗುತ್ತದೆ, ಸ್ಟಾರ್ಮ್ ಲೆಕ್ಕಕ್ಕೂ ಸೇರುತ್ತದೆ. ಅದನ್ನು ಕೌಂಟರ್ ಮಾಡಿ ಪ್ರಯೋಜನ ಕಡಿಮೆ, ಮುಂದಿನ ಟರ್ನ್ ಇನ್ನೊಂದು ಬರುತ್ತದೆ. ಸೆಪ್ಟರನ್ನೇ ಬರದಂತೆ ತಡೆಯಿರಿ ಅಥವಾ ಒಡೆಯಿರಿ.

ರೆಪ್ಲಿಕೇಟ್, ಕಾನ್‌ಸ್ಪೈರ್, ಕ್ಯಾಸ್ಕೇಡ್ ಅನ್ನುವ ಮೂರು ಗುಣಗಳೂ ಸ್ಟಾರ್ಮ್‌ನ ದಾರಿಯವು, ಕಾಸ್ಟ್ ಮಾಡಿದಾಗಲೇ ಟ್ರಿಗರ್ ಆಗುತ್ತವೆ. ಬ್ಲಡ್‌ಬ್ರೇಡ್ ಎಲ್ಫ್‌ನ ಕೌಂಟರ್ ಮಾಡಿದರೂ ಕ್ಯಾಸ್ಕೇಡ್‌ನಲ್ಲಿ ಸಿಕ್ಕ ಸ್ಪೆಲ್ ಬಂದೇ ಬರುತ್ತದೆ.

ಆದರೆ ಟ್ವಿನ್‌ಕ್ಯಾಸ್ಟ್ ಬಂದಾಗ ನಿಮ್ಮ ಬೇರಿನ ವಾದವೇ ಗೆಲ್ಲುತ್ತದೆ! ಟ್ವಿನ್‌ಕ್ಯಾಸ್ಟ್ ಒಂದು ಸ್ಪೆಲ್‌ನ ಟಾರ್ಗೆಟ್ ಮಾಡಿ ಕಾಪಿ ಮಾಡುತ್ತದೆ. ಅವನು ತನ್ನ ಲೈಟ್ನಿಂಗ್ ಬೋಲ್ಟ್ ಮೇಲೆ ಟ್ವಿನ್‌ಕ್ಯಾಸ್ಟ್ ಹಾಕಿದರೆ, ನೀವು ರೆಸ್ಪಾನ್ಸ್ ಆಗಿ ಬೋಲ್ಟ್‌ನ ಕೌಂಟರ್ ಮಾಡಿ. ಟ್ವಿನ್‌ಕ್ಯಾಸ್ಟ್‌ಗೆ ಟಾರ್ಗೆಟ್ ಇಲ್ಲದೆ ಅದೂ ಹೋಗುತ್ತದೆ. ಒಂದು ಕಾರ್ಡ್‌ಗೆ ಎರಡು. ಸ್ಟಾರ್ಮ್ ಟ್ರಿಗರ್ ಯಾವುದನ್ನೂ ಟಾರ್ಗೆಟ್ ಮಾಡುವುದಿಲ್ಲ, ಅದಕ್ಕೇ ಅಲ್ಲಿ ಈ ಆಟ ನಡೆಯಲಿಲ್ಲ.

ನಿಮ್ಮ ಗೆಳೆಯ ಸ್ಟಾರ್ಮ್ ಡೆಕ್ ಬಿಡುವ ಹಾಗೆ ಕಾಣುವುದಿಲ್ಲ, ಹಾಗಾಗಿ ಅವನು ಮುಂದೆ ಕಲಿಯಬಹುದಾದ ಒಂದು ವರಸೆ ಈಗಲೇ ತಿಳಿದಿರಲಿ. ಮ್ಯಾನಮಾರ್ಫೋಸ್‌ನಿಂದ ನೀಲಿ ಮಾನಾ ಮಾಡಿಕೊಂಡು, ಗ್ರೇಪ್‌ಶಾಟ್ ಹಾಕಿ, ಕಾಪಿಗಳು ಬಂದ ಮೇಲೆ ತನ್ನದೇ ಒರಿಜಿನಲ್ ಮೇಲೆ ರಿಮ್ಯಾಂಡ್ ಹಾಕುತ್ತಾನೆ. ಗ್ರೇಪ್‌ಶಾಟ್ ಕೈಗೆ ವಾಪಸ್. ಕಾಪಿಗಳ ಏಳು ಡ್ಯಾಮೇಜ್ ಬರುತ್ತದೆ. ಮತ್ತೆ ಗ್ರೇಪ್‌ಶಾಟ್ ಹಾಕಿದರೆ ಈಗ ಮೊದಲಿನ ಸ್ಪೆಲ್‌ಗಳು ಒಂಬತ್ತು, ಒರಿಜಿನಲ್ ಸೇರಿ ಇನ್ನೂ ಹತ್ತು ಡ್ಯಾಮೇಜ್. ಒಟ್ಟು ಹದಿನೇಳು. ಮೊದಲ ಗ್ರೇಪ್‌ಶಾಟ್ ಆದ ಮೇಲೆ ಅವನಿಗೆ ನಾಲ್ಕು ಮಾನಾ ಉಳಿದಿರಬೇಕು ಅಷ್ಟೇ. ಆಗ ನಿಮ್ಮ ಕೌಂಟರ್‌ಸ್ಪೆಲ್ ಬೀಳಬೇಕಾದದ್ದು ರಿಮ್ಯಾಂಡ್ ಮೇಲೆ. ಒರಿಜಿನಲ್‌ನ ಒಂದು ಡ್ಯಾಮೇಜ್ ಬಂದರೂ ಬರಲಿ, ಆಮೇಲಿನ ಹತ್ತು ತಪ್ಪುತ್ತದೆ.

ಕೊನೆಗೆ ಟೇಬಲ್‌ನ ಮಾತು. ಕಾಪಿಗೆ ಕಾರ್ಡ್ ಇರುವುದಿಲ್ಲ, ಎಲ್ಲಾ ಬಾಯಿ ಲೆಕ್ಕ. ಗಲಾಟೆ ಶುರುವಾಗುವುದೇ ಹೀಗೆ. ನಾವು ಮನೆಯಲ್ಲಿ ಚೌಕಾಬಾರಕ್ಕೆ ಇಟ್ಟಿರುವ ಹುಣಸೆ ಬೀಜಗಳನ್ನೇ ಕಾಪಿಗೆ ಬಳಸುತ್ತೇವೆ. ಸ್ಪೆಲ್ ಕಾಸ್ಟ್ ಆದಾಗಲೆಲ್ಲ ಪಕ್ಕಕ್ಕೆ ಒಂದು ಬೀಜ, ಯಾರು ಹಾಕಿದರೂ ಸರಿ. ಗ್ರೇಪ್‌ಶಾಟ್ ಬಂದಾಗ ಪಕ್ಕದಲ್ಲಿ ಎಷ್ಟು ಬೀಜ ಇದೆಯೋ ಅಷ್ಟು ಕಾಪಿ. ಟ್ರಿಗರ್ ರಿಸಾಲ್ವ್ ಆದ ಮೇಲೆ ಬೀಜಗಳನ್ನು ಗ್ರೇಪ್‌ಶಾಟ್ ಕಾರ್ಡ್‌ನ ಮೇಲೆ ಸಾಲಾಗಿ ಇಡಿ, ಕೌಂಟರ್ ಆದ ಕಾಪಿಯ ಬೀಜ ಎತ್ತಿ. ಮಂಡಕ್ಕಿ ಮಿರ್ಚಿ ತಟ್ಟೆ ಬೇರೆ ಕಡೆ ಇರಲಿ, ಎಣ್ಣೆ ಕೈ ಸ್ಲೀವ್‌ಗೆ ತಾಗಿದರೆ ಕಾರ್ಡ್‌ಗಳು ಒಂದಕ್ಕೊಂದು ಅಂಟಿಕೊಂಡು ಶಫಲ್ ಮಾಡಲು ಬರುವುದಿಲ್ಲ.

ಗೆಳೆಯನಿಗೆ ಒಂದು ಮಾತು ಹೇಳಿ: ‘ಗ್ರೇಪ್‌ಶಾಟ್, ಎಂಟು ಡ್ಯಾಮೇಜ್’ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಬಾರದು. ಗ್ರೇಪ್‌ಶಾಟ್ ಹಾಕಿ, ‘ಸ್ಟಾರ್ಮ್ ಟ್ರಿಗರ್, ಏಳು’ ಅಂತ ಹೇಳಿ ನಿಲ್ಲಬೇಕು. ಸ್ಟೈಫಲ್‌ಗೆ ಅದು ಹೊತ್ತು. ಕಾಪಿಗಳನ್ನು ಇಟ್ಟ ಮೇಲೆ ಮತ್ತೆ ನಿಲ್ಲಬೇಕು. ಫ್ಲಸ್ಟರ್‌ಸ್ಟಾರ್ಮ್, ಮೈಂಡ್‌ಬ್ರೇಕ್ ಟ್ರ್ಯಾಪ್‌ಗೆ ಅದು ಹೊತ್ತು. ಅವನು ನಿಲ್ಲದೆ ಓಡಿದರೆ, ‘ಟ್ರಿಗರ್ ಇನ್ನೂ ಸ್ಟ್ಯಾಕ್ ಮೇಲಿದೆ, ನಾನು ರೆಸ್ಪಾನ್ಸ್ ಮಾಡ್ತೀನಿ’ ಅಂತ ಹೇಳಿ ಅಲ್ಲಿಗೇ ವಾಪಸ್ ಕರೆಯುವ ಹಕ್ಕು ನಿಮಗಿದೆ.